ತೊಟ್ಟಿಯಲ್ಲಿ ನೀರಿದೆ, ಗಿಡ ಬಾಡಿದೆ: ಮನೆಯಲ್ಲೇ ಮಾಡಿದ ಸ್ವಯಂ ನೀರುಣಿಸುವ ಕುಂಡದ ದೋಷ ನಿವಾರಣೆ

ಅಡಿಯಲ್ಲಿ ನೀರಿನ ತೊಟ್ಟಿ, ಮೇಲೆ ಮಣ್ಣಿನ ಮಿಶ್ರಣ, ನಡುವೆ ನೀರನ್ನು ಮೇಲಕ್ಕೆಳೆಯುವ ಬತ್ತಿ ಇರುವ ಕುಂಡದಲ್ಲಿ ದೋಷ ಕಾಣಿಸಿಕೊಂಡಾಗ ಗಿಡವನ್ನಷ್ಟೇ ನೋಡಿ ಕಾರಣ ಹೇಳುವುದು ಕಷ್ಟ. ನೀರು ಸಾಲದ ಗಿಡವೂ ಬಾಡುತ್ತದೆ, ನೀರು ಹೆಚ್ಚಾಗಿ ಬೇರು ಕೊಳೆತ ಗಿಡವೂ ಬಾಡುತ್ತದೆ. ಗೊಬ್ಬರ ಸಾಲದೆ ಎಲೆ ಹಳದಿಯಾಗುವಂತೆಯೇ ಬೇರಿಗೆ ಗಾಳಿ ಸಾಲದೆಯೂ ಎಲೆ ಹಳದಿಯಾಗುತ್ತದೆ. ಇಂಥ ಕುಂಡ ಕೈಕೊಟ್ಟಾಗ ಹೆಚ್ಚಿನವರು ಮೊದಲು ಮಾಡುವುದು ಮೇಲಿನಿಂದ ನೀರು ಸುರಿಯುವುದು, ಆಮೇಲೆ ಗೊಬ್ಬರ ಹಾಕುವುದು. ಎರಡೂ ಕೆಲಸ ರೋಗದ ಗುರುತುಗಳನ್ನು ಅಳಿಸಿಹಾಕುತ್ತವೆ. ಆದ್ದರಿಂದ ಈ ಬರಹ ಗಿಡದಿಂದ ಆರಂಭವಾಗುವುದಿಲ್ಲ. ನೀರು ಹೋಗುವ ದಾರಿಯಿಂದ ಆರಂಭವಾಗುತ್ತದೆ. ಆ ದಾರಿ ಎಲ್ಲಿ ಕಡಿದಿದೆ ಅಥವಾ ಎಲ್ಲಿ ಮಿತಿಮೀರಿ ತೆರೆದಿದೆ ಎಂಬುದು ಗೊತ್ತಾದರೆ ಮುಕ್ಕಾಲು ಪಾಲು ದೋಷಗಳು ಗಿಡವನ್ನು ಕೀಳದೆಯೇ ಸರಿಹೋಗುತ್ತವೆ.

ನೀರು ಹೋಗಬೇಕಾದ ದಾರಿ

ಕುಂಡವನ್ನು ಎರಡು ಬಕೆಟ್‌ಗಳನ್ನು ಒಂದರೊಳಗೊಂದು ಇಟ್ಟು ಮಾಡಿದ್ದರೂ, ದೊಡ್ಡ ಪ್ಲಾಸ್ಟಿಕ್ ಡಬ್ಬದೊಳಗೆ ತೂತಿನ ತಟ್ಟೆ ಕೂರಿಸಿ ಮಾಡಿದ್ದರೂ ಅದರ ಅಂಗಗಳು ಐದೇ. ಅಡಿಯ ತೊಟ್ಟಿ, ತೊಟ್ಟಿಯ ಮೇಲೆ ಮಿಶ್ರಣವನ್ನು ಹೊರುವ ತೂತಿನ ತಟ್ಟೆ, ತಟ್ಟೆಯಿಂದ ನೀರಿನೊಳಕ್ಕೆ ಇಳಿದಿರುವ ಬತ್ತಿ, ಮೇಲಿನಿಂದ ತೊಟ್ಟಿಗೆ ನೀರು ತುಂಬುವ ಕೊಳವೆ, ಮತ್ತು ಹೆಚ್ಚಾದ ನೀರು ಹೊರಹೋಗಲು ಪಕ್ಕದಲ್ಲಿ ಕೊರೆದ ತೂತು. ಈ ಕೊನೆಯದನ್ನು ಮುಂದೆ ಕೋಡಿ ಎಂದೇ ಕರೆಯುತ್ತೇನೆ, ಏಕೆಂದರೆ ಕೆರೆಗೆ ಕೋಡಿ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಬತ್ತಿ ಎರಡು ಬಗೆಯದಿರಬಹುದು: ಹಗ್ಗ ಅಥವಾ ಬಟ್ಟೆಯ ಪಟ್ಟಿ ಒಂದು ಬಗೆ, ಸುತ್ತಲೂ ತೂತುಗಳಿರುವ ಬಟ್ಟಲಿಗೆ ಮಿಶ್ರಣವನ್ನೇ ತುಂಬಿ ನೀರಿನಲ್ಲಿ ಮುಳುಗುವಂತೆ ಕೂರಿಸಿದ್ದು ಇನ್ನೊಂದು. ತರಕಾರಿಗೆ ಎರಡನೆಯದೇ ಹೆಚ್ಚು ನಂಬಿಕೆಗೆ ಅರ್ಹ ಎಂಬುದು ನನ್ನ ಅನುಭವ, ಏಕೆಂದರೆ ಬೆಳೆದ ಟೊಮೆಟೊ ಅಥವಾ ಬದನೆ ಗಿಡದ ಬಾಯಾರಿಕೆಯನ್ನು ಒಂದೆರಡು ಹಗ್ಗಗಳು ತಣಿಸಲಾರವು.

ನೀರು ಮೇಲೇರುವುದು ಲೋಮನಾಳ ಕ್ರಿಯೆಯಿಂದ, ಎಂದರೆ ಕಣಗಳ ನಡುವಿನ ಕಿರಿದಾದ ಸಂದುಗಳು ನೀರನ್ನು ಎಳೆದುಕೊಳ್ಳುವುದರಿಂದ. ಸಂದು ಕಿರಿದಾದಷ್ಟೂ ನೀರು ಎತ್ತರಕ್ಕೆ ಏರುತ್ತದೆ. ಲೆಕ್ಕದ ಪ್ರಕಾರ 1 ಮಿಲಿಮೀಟರ್ ವ್ಯಾಸದ ನಾಳದಲ್ಲಿ ನೀರು ಸುಮಾರು 3 ಸೆಂಟಿಮೀಟರ್ ಏರುತ್ತದೆ, 0.2 ಮಿಲಿಮೀಟರ್ ನಾಳದಲ್ಲಿ ಸುಮಾರು 15 ಸೆಂಟಿಮೀಟರ್, 0.1 ಮಿಲಿಮೀಟರ್ ನಾಳದಲ್ಲಿ ಸುಮಾರು 30 ಸೆಂಟಿಮೀಟರ್. ಮಿಶ್ರಣದ ಸಂದುಗಳು ನೇರ ನಾಳಗಳಲ್ಲ, ಆದರೂ ಈ ಅಂಕಿಗಳು ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತವೆ: ಜಲ್ಲಿಕಲ್ಲಿನ ಮೂಲಕ ನೀರು ಮೇಲೇರುವುದಿಲ್ಲ, ಹಾಗೆಯೇ ಜೇಡಿಮಣ್ಣಿನಲ್ಲಿ ನೀರು ಏರಿದರೂ ಗಾಳಿಗೆ ಜಾಗ ಉಳಿಯುವುದಿಲ್ಲ. ನೀರೆಳೆಯುವ ಸಣ್ಣ ಸಂದು ಮತ್ತು ಗಾಳಿ ನಿಲ್ಲುವ ದೊಡ್ಡ ಸಂದು ಎರಡೂ ಇರುವ ಮಿಶ್ರಣವೇ ಈ ಕುಂಡಕ್ಕೆ ಬೇಕು. ತೆಂಗಿನ ನಾರಿನ ಪುಡಿ, ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳು, ಚೆನ್ನಾಗಿ ಕಳಿತ ಕಾಂಪೋಸ್ಟ್ ಇವುಗಳ ಮಿಶ್ರಣವನ್ನು ಬಳಸುವುದು ಈ ಕಾರಣಕ್ಕೆ.

ಮೊದಲು ಎರಡು ದಿನ ಅಳೆಯಬೇಕು

ಏನನ್ನೂ ಸರಿಪಡಿಸುವ ಮೊದಲು ಎರಡು ದಿನ ತೊಟ್ಟಿಯ ನೀರಿನ ಮಟ್ಟವನ್ನು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆದು ಬರೆದಿಡಬೇಕು. ಅದಕ್ಕೆ ತುಂಬುವ ಕೊಳವೆಯೊಳಗೆ ತಳ ಮುಟ್ಟುವಷ್ಟು ಉದ್ದದ ಒಣ ಕಡ್ಡಿಯೊಂದು ಸಾಕು. ಇಳಿಸಿ ತೆಗೆದರೆ ಎಲ್ಲಿಯವರೆಗೆ ಒದ್ದೆಯಾಗಿದೆಯೋ ಅಲ್ಲಿಯವರೆಗೆ ನೀರಿದೆ. 28 ಸೆಂಟಿಮೀಟರ್ ವ್ಯಾಸದ ಬಕೆಟ್‌ನಲ್ಲಿ ಮಟ್ಟ 1 ಸೆಂಟಿಮೀಟರ್ ಇಳಿದರೆ ಸುಮಾರು 600 ಮಿಲಿಲೀಟರ್ ನೀರು ಹೋಗಿದೆ ಎಂದರ್ಥ. ಬತ್ತಿಯ ಬಟ್ಟಲು ಆಕ್ರಮಿಸಿದ ಜಾಗವನ್ನು ಕಳೆದರೆ ಅದಕ್ಕಿಂತ ಸ್ವಲ್ಪ ಕಡಿಮೆ. ಈ ಎರಡು ದಿನ ಮೇಲಿನಿಂದ ನೀರು ಹಾಕಬಾರದು. ಗಿಡ ತೀರಾ ಬಾಡಿದ್ದರೆ ಕುಂಡವನ್ನು ನೆರಳಿಗೆ ಸರಿಸಬಹುದು, ಆದರೆ ಹಾಗೆ ಸರಿಸಿದ್ದನ್ನೂ ಬರೆದಿಡುವುದು ಒಳ್ಳೆಯದು, ಏಕೆಂದರೆ ನೆರಳಿನಲ್ಲಿ ಗಿಡ ಕುಡಿಯುವ ನೀರು ಕಡಿಮೆ.

ಗಿಡ ನೀರು ಕುಡಿಯುವುದು ಬಹುಪಾಲು ಹಗಲಿನಲ್ಲಿ, ಎಲೆಗಳಿಂದ ನೀರು ಆವಿಯಾಗಿ ಹೋಗುತ್ತಿರುವಾಗ. ಹಾಗಾಗಿ ಹಗಲು ಮಟ್ಟ ಇಳಿದು ರಾತ್ರಿ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಬತ್ತಿಯೂ ಬೇರೂ ಕೆಲಸ ಮಾಡುತ್ತಿವೆ. ದೋಷ ಬೇರೆಲ್ಲೋ ಇದೆ. ಹಗಲು ರಾತ್ರಿ ಒಂದೇ ಸಮನಾಗಿ ಇಳಿಯುತ್ತಿದ್ದರೆ ನೀರನ್ನು ಗಿಡ ಕುಡಿಯುತ್ತಿಲ್ಲ, ಎಲ್ಲೋ ಸೋರುತ್ತಿದೆ. ಎರಡು ಹೊತ್ತೂ ಇಳಿಯದೇ ನಿಂತಿದ್ದರೆ ನೀರು ಮೇಲೇರುತ್ತಿಲ್ಲ ಅಥವಾ ಏರಿದ ನೀರನ್ನು ಕುಡಿಯಲು ಜೀವಂತ ಬೇರು ಉಳಿದಿಲ್ಲ. ನೀವು ಹಾಕದೆಯೇ ಮಟ್ಟ ಏರಿದ್ದರೆ ಮಳೆಯ ನೀರು ಮಿಶ್ರಣದ ಮೂಲಕ ಇಳಿದಿದೆ ಎಂದು ತಿಳಿಯಬೇಕು.

ಇದರ ಜೊತೆಗೆ ಇನ್ನೊಂದು ಪರೀಕ್ಷೆ. ಬಣ್ಣ ಹಚ್ಚದ ತೆಳುವಾದ ಮರದ ಕಡ್ಡಿಯನ್ನು ಕಾಂಡದಿಂದ ದೂರದಲ್ಲಿ ಮಿಶ್ರಣದೊಳಗೆ ತಟ್ಟೆಯವರೆಗೂ ತಳ್ಳಿ, ಹತ್ತು ನಿಮಿಷ ಬಿಟ್ಟು ಹೊರತೆಗೆದು, ಯಾವ ಭಾಗ ಎಷ್ಟು ಕಪ್ಪಾಗಿದೆ ಎಂದು ನೋಡಬೇಕು. ಕೆಳಭಾಗ ಚೆನ್ನಾಗಿ ಒದ್ದೆ, ನಡುಭಾಗ ತೇವ, ಮೇಲಿನ 2–3 ಸೆಂಟಿಮೀಟರ್ ಒಣ: ಇದು ಆರೋಗ್ಯವಂತ ಕುಂಡದ ಲಕ್ಷಣ. ಮೇಲ್ಮೈ ಒಣಗಿರುವುದನ್ನು ಕಂಡು ಗಾಬರಿಯಾಗುವವರು ಬಹಳ ಮಂದಿ ಇದ್ದಾರೆ, ಆದರೆ ಈ ಕುಂಡದಲ್ಲಿ ಅದು ದೋಷವಲ್ಲ. ಬಿಸಿಲು ನೆತ್ತಿಯ ಮೇಲಿರುವಾಗ ಅಗಲ ಎಲೆಯ ಗಿಡಗಳು ಜೋಲು ಬಿದ್ದು ಸಂಜೆಗೆ ತಾವಾಗಿಯೇ ಚೇತರಿಸಿಕೊಳ್ಳುವುದೂ ದೋಷವಲ್ಲ. ಬೆಳಗ್ಗೆ ಎದ್ದು ನೋಡಿದಾಗಲೂ ಬಾಡಿದ್ದರೆ ಮಾತ್ರ ಮುಂದಿನ ಹುಡುಕಾಟಕ್ಕೆ ಅರ್ಥವಿದೆ.

ತೊಟ್ಟಿ ತುಂಬಿದೆ, ಮಿಶ್ರಣ ಒಣಗಿದೆ

ಮಟ್ಟ ಇಳಿಯುತ್ತಿಲ್ಲ, ಮಿಶ್ರಣದೊಳಗೆ ತಳ್ಳಿದ ಕಡ್ಡಿ ತಳದವರೆಗೂ ಒಣಗಿಯೇ ಬರುತ್ತದೆ. ಅಂದರೆ ನೀರಿನ ದಾರಿ ಬತ್ತಿಯಲ್ಲಿ ಅಥವಾ ಬತ್ತಿ ಮಿಶ್ರಣವನ್ನು ಸೇರುವ ಜಾಗದಲ್ಲಿ ಕಡಿದಿದೆ. ಈ ಬಗೆಯ ಕುಂಡದಲ್ಲಿ ನಾನು ಕಂಡಿರುವ ದೋಷಗಳಲ್ಲಿ ಇದೇ ಹೆಚ್ಚು, ಮತ್ತು ಇದರ ಕಾರಣ ಸಾಮಾನ್ಯವಾಗಿ ಕುಂಡ ಕಟ್ಟಿದ ದಿನವೇ ನಡೆದುಹೋಗಿರುತ್ತದೆ.

ಎಲ್ಲಕ್ಕಿಂತ ಮೊದಲು ಸಂಶಯಿಸಬೇಕಾದದ್ದು ಮಿಶ್ರಣವನ್ನು ಒಣಗಿದ್ದಂತೆಯೇ ತುಂಬಿದ್ದನ್ನು. ತೆಂಗಿನ ನಾರಿನ ಪುಡಿಯೂ, ಜೌಗು ನೆಲದಲ್ಲಿ ಅರೆಬರೆ ಕಳಿತ ಸಸ್ಯಗಳ ಪುಡಿಯಾದ ಪೀಟ್ ಕೂಡ ಪೂರ್ತಿ ಒಣಗಿದಾಗ ನೀರನ್ನು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಪೀಟ್ ಅಂತೂ ನೀರನ್ನು ದೂರ ತಳ್ಳುತ್ತದೆ. ಲೋಮನಾಳ ಕ್ರಿಯೆ ನಡೆಯಬೇಕಾದರೆ ಕಣದಿಂದ ಕಣಕ್ಕೆ ನೀರಿನ ಪೊರೆ ಎಡೆಬಿಡದೆ ಹಬ್ಬಿರಬೇಕು, ದೀಪದ ಬತ್ತಿಯನ್ನು ಮೊದಲು ಎಣ್ಣೆಯಲ್ಲಿ ನೆನೆಸಿ ಹಚ್ಚುವ ಹಾಗೆ. ಒಣ ಮಿಶ್ರಣವನ್ನು ತುಂಬಿ ತೊಟ್ಟಿಗೆ ನೀರು ಹಾಕಿ ಕಾಯುತ್ತಾ ಕುಳಿತರೆ ಬಟ್ಟಲಿನ ಅಡಿಯಷ್ಟೇ ಒದ್ದೆಯಾಗಿ ಅಲ್ಲಿಗೇ ನಿಲ್ಲುತ್ತದೆ. ಕಟ್ಟುವಾಗ ಎಲ್ಲ ಸರಿಯಾಗಿಯೇ ಆಗಿ, ಆಮೇಲೆ ಕೆಲವು ದಿನ ತೊಟ್ಟಿ ಖಾಲಿ ಬಿದ್ದು ಮಿಶ್ರಣ ಒಣಗಿಹೋದಾಗಲೂ ಇದೇ ಸ್ಥಿತಿ ಬರುತ್ತದೆ. ಊರಿಗೆ ಹೋಗಿ ಬಂದು ತೊಟ್ಟಿಯನ್ನು ಮತ್ತೆ ತುಂಬಿದರೂ ಗಿಡ ಬಾಡುತ್ತಲೇ ಇದ್ದರೆ ಕಾರಣ ಇದೇ ಇರುತ್ತದೆ. ಪರಿಹಾರ ಕಷ್ಟವಲ್ಲ, ತಾಳ್ಮೆ ಬೇಕಷ್ಟೆ: ಉಗುರುಬೆಚ್ಚಗಿನ ನೀರನ್ನು ಒಂದೊಂದೇ ಲೋಟದಂತೆ, ನಡುನಡುವೆ ಹತ್ತು ಹದಿನೈದು ನಿಮಿಷ ಬಿಟ್ಟು, ಮೇಲ್ಮೈಯಲ್ಲಿ ಎಲ್ಲ ಕಡೆಗೂ ಹರಡಿ ಹಾಕುತ್ತಾ ಹೋಗಬೇಕು. ಒಮ್ಮೆಗೇ ಸುರಿದರೆ ಒಣಗಿ ಕುಗ್ಗಿದ ಮಿಶ್ರಣ ಮತ್ತು ಕುಂಡದ ಗೋಡೆಯ ನಡುವಿನ ಬಿರುಕಿನಲ್ಲಿ ನೀರು ನೇರವಾಗಿ ತೊಟ್ಟಿಗೆ ಇಳಿದುಬಿಡುತ್ತದೆ. ಅದನ್ನು ಕಂಡು ಮಿಶ್ರಣ ನೆನೆದಿದೆ ಎಂದುಕೊಳ್ಳುವ ತಪ್ಪು ಆಗುವುದೂ ಉಂಟು. ಆದ್ದರಿಂದ ಕೊನೆಗೆ ಕಡ್ಡಿಯ ಪರೀಕ್ಷೆ ಮಾಡಿಯೇ ತೀರ್ಮಾನಿಸಬೇಕು.

ಇದಾದ ಮೇಲೂ ಎರಡು ದಿನದಲ್ಲಿ ಮಿಶ್ರಣ ಮತ್ತೆ ಒಣಗಿದರೆ ಬತ್ತಿಯ ಬಟ್ಟಲನ್ನು ಸಂಶಯಿಸಬೇಕು. ಬಟ್ಟಲಿನೊಳಗೆ ಮಿಶ್ರಣವನ್ನು ಒತ್ತಿ ತುಂಬದೆ ಸಡಿಲವಾಗಿ ಬಿಟ್ಟಿದ್ದರೆ ಅದು ನೆನೆದು ಕುಸಿದು, ಬಟ್ಟಲಿನ ಬಾಯಿ ಮತ್ತು ಮೇಲಿನ ಮಿಶ್ರಣದ ನಡುವೆ ಒಂದೆರಡು ಸೆಂಟಿಮೀಟರ್ ಪೊಳ್ಳು ಜಾಗ ಉಂಟಾಗುತ್ತದೆ. ಅಷ್ಟು ಅಂತರವನ್ನು ನೀರು ದಾಟಲಾರದು. ಕುಂಡದ ಬೇರೆಲ್ಲ ಕಡೆ ಮಿಶ್ರಣ ಸಡಿಲವಾಗಿರಬೇಕು, ಬಟ್ಟಲಿನಲ್ಲಿ ಮಾತ್ರ ಒದ್ದೆ ಮಾಡಿ ಮುಷ್ಟಿಯಿಂದ ಅದುಮಿ ತುಂಬಬೇಕು. ಬಟ್ಟಲು ತೀರಾ ಚಿಕ್ಕದಾಗಿದ್ದರೂ ತೊಂದರೆಯೇ. ತಟ್ಟೆಯ ವಿಸ್ತೀರ್ಣದ ಹತ್ತರಲ್ಲೊಂದು ಭಾಗಕ್ಕಿಂತ ಕಡಿಮೆಯಿದ್ದರೆ ಎಳೆಯ ಗಿಡಕ್ಕೆ ಸಾಕಾದದ್ದು ಕಾಯಿ ಬಿಡುವ ಹೊತ್ತಿಗೆ ಸಾಲದಾಗುತ್ತದೆ. ಬಟ್ಟಲು ತೊಟ್ಟಿಯ ತಳವನ್ನು ಮುಟ್ಟುತ್ತಿದೆಯೇ ಎಂಬುದನ್ನೂ ನೋಡಬೇಕು. ತಳಕ್ಕಿಂತ 4 ಸೆಂಟಿಮೀಟರ್ ಮೇಲೆಯೇ ನಿಂತಿದ್ದರೆ ಆ 4 ಸೆಂಟಿಮೀಟರ್ ನೀರು ಲೆಕ್ಕಕ್ಕೆ ಉಂಟು, ಗಿಡಕ್ಕೆ ಇಲ್ಲ. ಅಂಥ ಕುಂಡದಲ್ಲಿ ಮಟ್ಟ ಒಂದು ಹಂತದವರೆಗೆ ಚೆನ್ನಾಗಿ ಇಳಿದು ಆಮೇಲೆ ಪ್ರತಿ ಸಲವೂ ಅದೇ ಜಾಗದಲ್ಲಿ ನಿಲ್ಲುತ್ತದೆ. ಬರೆದಿಟ್ಟ ಅಳತೆಯಲ್ಲಿ ಇದು ತಟ್ಟನೆ ಕಣ್ಣಿಗೆ ಬೀಳುತ್ತದೆ.

ಬತ್ತಿ ಹಗ್ಗದ್ದಾಗಿದ್ದರೆ ಹತ್ತಿಯದೋ ನೈಲಾನ್ ಅಥವಾ ಪಾಲಿಯೆಸ್ಟರ್‌ನದೋ ಎಂದು ನೋಡಬೇಕು. ಹತ್ತಿ ಮೊದಲು ಚೆನ್ನಾಗಿ ನೀರೆಳೆಯುತ್ತದೆ, ಆದರೆ ಸದಾ ಒದ್ದೆಯಾಗಿರುವ ಜಾಗದಲ್ಲಿ ಕೆಲವೇ ತಿಂಗಳುಗಳಲ್ಲಿ ಕೊಳೆಯುತ್ತದೆ. ಕೃತಕ ನೂಲು ಕೊಳೆಯುವುದಿಲ್ಲ, ಆದರೆ ಹೊಸತರಲ್ಲಿ ಅದರ ಮೇಲೆ ನೀರು ಹಿಡಿಯದ ಲೇಪ ಇರಬಹುದು. ಹಗ್ಗವನ್ನು ಕುಂಡಕ್ಕೆ ಹಾಕುವ ಮೊದಲೇ ಒಂದು ತುದಿಯನ್ನು ಬಣ್ಣದ ನೀರಿನಲ್ಲಿ ಅದ್ದಿ ನೇತುಹಾಕಿ, ಒಂದು ಗಂಟೆಯೊಳಗೆ ಬಣ್ಣ 10 ಸೆಂಟಿಮೀಟರ್ ಏರಿದೆಯೇ ಎಂದು ನೋಡಿದರೆ ಮುಂದಿನ ತಲೆನೋವು ತಪ್ಪುತ್ತದೆ. ಏರದಿದ್ದರೆ ಸಾಬೂನು ನೀರಿನಲ್ಲಿ ಕುದಿಸಿ, ತೊಳೆದು ಮತ್ತೆ ನೋಡಬೇಕು; ಆಗಲೂ ಏರದ ಹಗ್ಗ ಬಟ್ಟೆ ಒಣಹಾಕಲು ಮಾತ್ರ ಯೋಗ್ಯ.

ಜಲ್ಲಿಯ ಪದರದ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ತಪ್ಪನ್ನು ನಾನೇ ಮಾಡಿದ್ದೇನೆ. ಸಾಮಾನ್ಯ ಕುಂಡದ ಅಡಿಗೆ ಕಲ್ಲು ಹಾಕುವ ಅಭ್ಯಾಸದಿಂದ ತಟ್ಟೆಯ ಮೇಲೆ ಎರಡು ಬೆರಳು ದಪ್ಪ ಜಲ್ಲಿ ಹರಡಿ ಅದರ ಮೇಲೆ ಮಿಶ್ರಣ ತುಂಬಿದ್ದೆ. ಬತ್ತಿಯ ಬಟ್ಟಲೂ ಸರಿಯಿತ್ತು, ತೊಟ್ಟಿಯೂ ತುಂಬಿತ್ತು. ಆದರೆ ಬಟ್ಟಲಿನ ಬಾಯಿಗೂ ಮಿಶ್ರಣಕ್ಕೂ ನಡುವೆ ಜಲ್ಲಿ ಬಂದು ಕೂತಿದ್ದರಿಂದ ಮೆಣಸಿನ ಗಿಡಗಳು ನೀರಿನ ಮೇಲೆಯೇ ನಿಂತು ಒಣಗಿದವು. ಕಾರಣ ಹೊಳೆಯಲು ನನಗೆ ಮೂರು ವಾರ ಬೇಕಾಯಿತು. ಮಿಶ್ರಣ ಕೆಳಗೆ ಉದುರದಂತೆ ತಡೆಯಬೇಕಿದ್ದರೆ ತಟ್ಟೆಯ ಮೇಲೆ ತೆಳುವಾದ ಬಟ್ಟೆ ಅಥವಾ ಜಾಲರಿ ಹಾಸಿದರೆ ಸಾಕು, ಅದೂ ಬಟ್ಟಲಿನ ಬಾಯಿಯನ್ನು ಬಿಟ್ಟು.

ಮಿಶ್ರಣ ಜೌಗಾಗಿದೆ

ಕಡ್ಡಿ ಮೇಲಿನವರೆಗೂ ಒದ್ದೆಯಾಗಿ ಬರುತ್ತದೆ, ಕೆಳಗಿನ ಎಲೆಗಳು ಹಳದಿಯಾಗಿವೆ, ಗಿಡ ಬೆಳಗ್ಗೆಯೂ ಜೋಲುಬಿದ್ದಿದೆ. ಕಡ್ಡಿಯ ತುದಿಯನ್ನು ಮೂಸಿ ನೋಡಬೇಕು. ತೇವವಾದ ಕಾಡಿನ ನೆಲದ ವಾಸನೆ ಇದ್ದರೆ ಇನ್ನೂ ಕಾಲ ಮಿಂಚಿಲ್ಲ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿಯಿಲ್ಲದ ಜಾಗದಲ್ಲಿ ಬದುಕುವ ಸೂಕ್ಷ್ಮಜೀವಿಗಳು ಹೈಡ್ರೋಜನ್ ಸಲ್ಫೈಡ್ ಹುಟ್ಟಿಸುತ್ತಿವೆ ಎಂದರ್ಥ. ಆಗ ಅಂಚಿನಲ್ಲಿ ಸ್ವಲ್ಪ ಅಗೆದು ಒಂದೆರಡು ಬೇರುಗಳನ್ನು ನೋಡಬೇಕು. ಆರೋಗ್ಯವಂತ ಬೇರು ಬೆಳ್ಳಗೆ ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಂದಾಗಿ ಲೋಳೆಯಾಗಿದ್ದು, ಎರಡು ಬೆರಳಲ್ಲಿ ಹಿಡಿದೆಳೆದರೆ ಹೊರಸಿಪ್ಪೆ ಕಳಚಿ ಒಳಗಿನ ನೂಲಿನಂಥ ಎಳೆ ಮಾತ್ರ ಉಳಿಯುತ್ತದೆ.

ಕಾರಣ ಹುಡುಕುವಾಗ ಕೋಡಿಯಿಂದ ತೊಡಗಬೇಕು. ಕೋಡಿಯ ತೂತು ತಟ್ಟೆಗಿಂತ 1–2 ಸೆಂಟಿಮೀಟರ್ ಕೆಳಗಿರಬೇಕು, ಆಗ ನೀರು ಎಷ್ಟೇ ತುಂಬಿದರೂ ತಟ್ಟೆಯ ಅಡಿಯಲ್ಲಿ ಗಾಳಿಯ ಪದರವೊಂದು ಉಳಿದು ಬೇರುಗಳಿಗೆ ತಟ್ಟೆಯ ತೂತುಗಳ ಮೂಲಕ ಉಸಿರು ಸಿಗುತ್ತದೆ. ಎರಡು ಬಕೆಟ್‌ಗಳ ಕುಂಡದಲ್ಲಿ ಹೊರಗಿನಿಂದ ಅಂದಾಜು ಮಾಡಿ ಕೊರೆಯುವಾಗ ಈ ಅಳತೆ ತಪ್ಪುವುದು ತೀರಾ ಸುಲಭ. ಖಾಲಿ ಇರುವಾಗಲೇ ಬಕೆಟ್‌ಗಳನ್ನು ಬೆಳಕಿಗೆ ಹಿಡಿದರೆ ಒಳಬಕೆಟ್‌ನ ತಳ (ಈ ಕುಂಡದಲ್ಲಿ ತಟ್ಟೆ ಎಂದರೆ ಅದೇ) ಎಲ್ಲಿದೆ ಎಂದು ನೆರಳಿನ ಗೆರೆಯಾಗಿ ಕಾಣುತ್ತದೆ, ಅದರ ಕೆಳಗೆ ಕೊರೆಯಬೇಕು. ಈಗಾಗಲೇ ಮೇಲೆ ಕೊರೆದಿದ್ದರೆ ಕುಂಡ ಬಿಚ್ಚಬೇಕಿಲ್ಲ, ಸರಿಯಾದ ಎತ್ತರದಲ್ಲಿ ಇನ್ನೊಂದು ತೂತು ಕೊರೆದರಾಯಿತು. ಹಳೆಯದು ಇದ್ದರೂ ಅಡ್ಡಿಯಿಲ್ಲ.

ಎತ್ತರ ಸರಿಯಿದ್ದರೂ ಕೋಡಿ ಮುಚ್ಚಿಹೋಗಿರಬಹುದು. ಟೊಮೆಟೊದ ಬೇರುಗಳು ತಟ್ಟೆಯ ತೂತಿನಿಂದ ತೊಟ್ಟಿಗಿಳಿದು, ಬೆಳಕು ಗಾಳಿ ಬರುವ ಆ ಒಂದೇ ಕಿಂಡಿಯನ್ನು ತುಂಬಿಬಿಡುತ್ತವೆ. ತೊಟ್ಟಿಗೆ ಬೇರು ಇಳಿಯುವುದರಿಂದ ಕೆಡುಕಿಲ್ಲ, ಕಿಂಡಿ ಮುಚ್ಚುವುದರಿಂದಷ್ಟೇ ಕೆಡುಕು. ತಂತಿಯೊಂದನ್ನು ತೂರಿಸಿ ಬಿಡಿಸಿ, ತೊಟ್ಟಿ ತುಂಬಿ, ಕೋಡಿಯಲ್ಲಿ ನೀರು ಧಾರೆಯಾಗಿ ಬರುತ್ತದೆಯೇ ಎಂದು ನೋಡಬೇಕು. ತೂತು 8–10 ಮಿಲಿಮೀಟರ್ ಇದ್ದರೆ ಬೇಗ ಕಟ್ಟಿಕೊಳ್ಳುವುದಿಲ್ಲ.

ಇವೆರಡೂ ಸರಿಯಿದ್ದು ಕುಂಡದ ಒಂದು ಬದಿ ಮಾತ್ರ ಜೌಗಾಗಿದ್ದರೆ ನೆಲದ ಮಟ್ಟ ನೋಡಬೇಕು. ನೀರು ಹರಿದುಹೋಗಲೆಂದು ತಾರಸಿ ಮತ್ತು ಅಂಗಳಗಳಿಗೆ ಇಳಿಜಾರು ಕೊಟ್ಟಿರುತ್ತಾರೆ. ಕೋಡಿ ಎತ್ತರದ ಬದಿಗೆ ಬಂದಿದ್ದು, ಕುಂಡದ ಆ ಬದಿಯಿಂದ ಈ ಬದಿಗೆ 2 ಸೆಂಟಿಮೀಟರ್ ವ್ಯತ್ಯಾಸವಿದ್ದರೆ, ತಗ್ಗಿನ ಬದಿಯಲ್ಲಿ ಗಾಳಿಯ ಪದರವೇ ಉಳಿಯುವುದಿಲ್ಲ. ಅಲ್ಲಿ ಬೇರುಗಳು ನೀರಿನಲ್ಲಿ ನಿಂತಿರುತ್ತವೆ. ಕುಂಡವನ್ನು ಕೋಡಿ ತಗ್ಗಿಗೆ ಬರುವಂತೆ ತಿರುಗಿಸುವುದರಲ್ಲಿ ಕೆಲಸ ಮುಗಿಯುತ್ತದೆ, ಆದರೆ ಆಗ ತೊಟ್ಟಿ ಹಿಡಿಯುವ ನೀರು ಸ್ವಲ್ಪ ಕಡಿಮೆಯಾಗುವುದರಿಂದ ಅಡಿಗೆ ಚಪ್ಪಡಿ ಕೊಟ್ಟು ಸಮ ಮಾಡುವುದೇ ಮೇಲು.

ಉಳಿದ ಕಾರಣ ಮಿಶ್ರಣದ್ದು. ಹೊಲದ ಅಥವಾ ತೋಟದ ಮಣ್ಣನ್ನು ಹಾಗೆಯೇ ತುಂಬಿದ್ದರೆ ಕೋಡಿ ಎಷ್ಟು ಸರಿಯಿದ್ದರೂ ಪ್ರಯೋಜನವಿಲ್ಲ. ಅದರ ಕಿರುಸಂದುಗಳು ನೀರನ್ನು ಮೇಲಿನವರೆಗೂ ಎಳೆದು ಹಿಡಿದುಕೊಳ್ಳುತ್ತವೆ. ಕಾಂಪೋಸ್ಟ್ ಅರ್ಧಕ್ಕಿಂತ ಹೆಚ್ಚಿದ್ದಾಗಲೂ ಹೀಗೆಯೇ ಆಗುತ್ತದೆ. ನಾನು ಮೂರರಲ್ಲೊಂದು ಪಾಲು ದಾಟಿಸುವುದಿಲ್ಲ. ಮೊದಲ ಬೆಳೆಯಲ್ಲಿ ಚೆನ್ನಾಗಿದ್ದ ಮಿಶ್ರಣ ಎರಡು ಮೂರು ಬೆಳೆಯ ನಂತರ ಜೌಗಾಗತೊಡಗಿದರೆ ಅದು ಕಳಿತು ನುಣ್ಣಗಾಗಿದೆ, ಮಟ್ಟವೂ ಕುಸಿದಿರುತ್ತದೆ. ಆಗ ಪರ್ಲೈಟ್ ಅಥವಾ ಒರಟು ನಾರಿನ ತುಂಡು ಬೆರೆಸಿ ಸಡಿಲ ಮಾಡಬೇಕು. ಮಳೆಗಾಲದ ಜೌಗು ಬೇರೆ ಮಾತು. ದಿನವಿಡೀ ಮಳೆ ಸುರಿಯುವಾಗ ಮಿಶ್ರಣ ಮೇಲಿನಿಂದಲೂ ಕೆಳಗಿನಿಂದಲೂ ನೆನೆಯುತ್ತದೆ, ಬಿಸಿಲಿಲ್ಲದೆ ಗಿಡ ಕುಡಿಯುವುದೂ ಇಲ್ಲ. ಕಾಂಡಕ್ಕೆ ಮಾತ್ರ ತೂತು ಬಿಟ್ಟು ಮೇಲ್ಮೈಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚುವುದು, ತೊಟ್ಟಿಯನ್ನು ತುಂಬದೆ ಬಿಡುವುದು, ಇವೆರಡೇ ಆಗ ಮಾಡಬಹುದಾದದ್ದು.

ಜೌಗಾದ ಕುಂಡವನ್ನು ಉಳಿಸಲು, ಸಣ್ಣ ನಳಿಕೆಯನ್ನು ತುಂಬುವ ಕೊಳವೆಯೊಳಗೆ ಇಳಿಸಿ ತೊಟ್ಟಿಯ ನೀರನ್ನೆಲ್ಲ ಹೊರಗೆಳೆದು, ಕಡ್ಡಿಯ ಮೇಲ್ಭಾಗ ಒಣಗಿ ಬರುವವರೆಗೆ ಮತ್ತೆ ತುಂಬದೆ ಬಿಡಬೇಕು. ಬೇರಿನಲ್ಲಿ ಅರ್ಧದಷ್ಟು ಬೆಳ್ಳಗಿದ್ದರೆ ಗಿಡ ಚೇತರಿಸಿಕೊಳ್ಳುತ್ತದೆ. ಎಲ್ಲವೂ ಕಂದಾಗಿದ್ದರೆ ಆ ಗಿಡದ ಆಸೆ ಬಿಟ್ಟು ಮಿಶ್ರಣವನ್ನು ಹರಡಿ ಒಣಗಿಸುವುದೇ ವಿವೇಕ.

ನೀರು ಬೇಗ ಖಾಲಿಯಾಗುತ್ತದೆ

ಮೊದಲು ಗಿಡವೇ ಕುಡಿಯುತ್ತಿಲ್ಲವೇ ಎಂದು ಕೇಳಿಕೊಳ್ಳಬೇಕು. ಕಾಯಿ ತುಂಬಿದ ದೊಡ್ಡ ಟೊಮೆಟೊ ಗಿಡ ಬಿರುಬಿಸಿಲಿನಲ್ಲಿ ದಿನಕ್ಕೆ 2ರಿಂದ 4 ಲೀಟರ್ ಕುಡಿಯಬಲ್ಲದು. 6 ಲೀಟರ್ ತೊಟ್ಟಿ ಎರಡೇ ದಿನಕ್ಕೆ ಬರಿದಾದರೆ ಅದು ದೋಷವಲ್ಲ, ತೊಟ್ಟಿ ಚಿಕ್ಕದು ಅಷ್ಟೆ. ಸೊಪ್ಪಿನ ಕುಂಡ ಹಾಗೆ ಬರಿದಾದರೆ ಮಾತ್ರ ಸಂಶಯಕ್ಕೆ ಕಾರಣವಿದೆ.

ರಾತ್ರಿಯ ಅಳತೆಯೇ ಇಲ್ಲಿ ಸಾಕ್ಷಿ. ರಾತ್ರಿಯೂ ಮಟ್ಟ ಇಳಿದಿದ್ದರೆ ಕುಂಡದ ಅಡಿಗೆ ಒಣ ಕಾಗದ ಹಾಸಿ ಬೆಳಗ್ಗೆ ಒದ್ದೆಯ ಗುರುತು ನೋಡಬೇಕು. ಗುರುತು ಕೋಡಿಯ ನೇರಕ್ಕೆ ಇದ್ದರೆ ಮತ್ತು ಮಟ್ಟ ಕೋಡಿಗಿಂತ ಕೆಳಗಿಳಿದಿದ್ದರೆ, ಬೇರೋ ಬಟ್ಟೆಯ ಎಳೆಯೋ ಕೋಡಿಯಿಂದ ಹೊರಗೆ ಇಣುಕಿ ಅದರ ಮೂಲಕ ನೀರು ತೊಟ್ಟಿಕ್ಕುತ್ತಿರುತ್ತದೆ. ಬತ್ತಿ ಒಳಗಿನಿಂದ ಮೇಲಕ್ಕೆ ನೀರೆಳೆಯುವಂತೆಯೇ ಆ ಎಳೆ ಹೊರಕ್ಕೂ ಎಳೆಯುತ್ತದೆ, ಹೊರಗಿನ ತುದಿ ಒಳಗಿನ ನೀರಿಗಿಂತ ಕೆಳಗೆ ಜೋತಿದ್ದರಂತೂ ನಿಲ್ಲುವುದೇ ಇಲ್ಲ. ಕತ್ತರಿಸಿದರೆ ಮುಗಿಯಿತು. ಗುರುತು ಕುಂಡದ ನಡುವಿಗೆ ಬಂದಿದ್ದರೆ ತಳ ಬಿರಿದಿದೆ. ಒದ್ದೆ ಮಿಶ್ರಣ ತುಂಬಿದ ಕುಂಡವನ್ನು ಎಳೆದಾಡಿದಾಗ ತಳದ ಅಂಚು ಸೀಳುವುದು ಸಾಮಾನ್ಯ. ಬಕೆಟ್ ಮಾಡುವ ಪ್ಲಾಸ್ಟಿಕ್‌ಗಳಾದ ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್‌ಗೆ ಮಾಮೂಲು ಅಂಟುಗಳು ಹಿಡಿಯುವುದಿಲ್ಲವಾದ್ದರಿಂದ ಮೇಲೆ ಅಂಟು ಮೆತ್ತುವ ಶ್ರಮ ವ್ಯರ್ಥ. ಇಡೀ ಕುಂಡವನ್ನು ಇನ್ನೊಂದು ಗಟ್ಟಿ ಬಕೆಟ್‌ನೊಳಗೆ ಇಳಿಸಿ, ಅದಕ್ಕೆ ಕೋಡಿ ಕೊರೆಯುವುದು ಸುಲಭದ ದಾರಿ.

ಕೊಳವೆಯಲ್ಲಿ ನೀರು ಇಳಿಯುವುದಿಲ್ಲ

ನೀರು ಹಾಕಿದೊಡನೆ ಕೊಳವೆಯ ಬಾಯಿಗೇ ಉಕ್ಕಿ ಬಂದು, ಕೋಡಿಯಲ್ಲಿ ಹನಿಯೂ ಬಾರದಿದ್ದರೆ ಕೊಳವೆಯ ಕೆಳತುದಿ ಮುಚ್ಚಿದೆ. ತುದಿಯನ್ನು ನೇರವಾಗಿ ಕತ್ತರಿಸಿದ ಕೊಳವೆ ತೊಟ್ಟಿಯ ತಳಕ್ಕೆ ಮುಚ್ಚಳದಂತೆ ಕೂತಿರುತ್ತದೆ. ಓರೆಯಾಗಿ ಕತ್ತರಿಸಿದ್ದರೆ ಹೀಗಾಗುತ್ತಿರಲಿಲ್ಲ. ಕೊಳವೆಯನ್ನು ಒಂದು ಬೆರಳಿನಷ್ಟು ಮೇಲಕ್ಕೆತ್ತಿ ನೋಡಿದರೆ ಗೊತ್ತಾಗುತ್ತದೆ. ನೀರು ಗುಳುಗುಳು ಸದ್ದು ಮಾಡುತ್ತಾ ತಡೆತಡೆದು ಇಳಿದರೆ ಮುಚ್ಚಿರುವುದು ಕೊಳವೆಯಲ್ಲ, ಗಾಳಿಯ ದಾರಿ: ತೊಟ್ಟಿಯೊಳಗಿನ ಗಾಳಿ ಹೊರಹೋಗದೆ ನೀರಿಗೆ ಜಾಗ ಬಿಡುತ್ತಿಲ್ಲ. ಕೋಡಿಯನ್ನು ಬಿಡಿಸಿದರೆ ಸದ್ದು ನಿಲ್ಲುತ್ತದೆ.

ಬಿಳಿ ಪದರ, ಸುಟ್ಟಂತಾದ ಎಲೆಯಂಚು

ಮೇಲಿನಿಂದ ನೀರು ಹಾಕುವ ಕುಂಡದಲ್ಲಿ ಲವಣಗಳು ಕೆಳಗೆ ತೊಳೆದುಹೋಗುತ್ತವೆ. ಇಲ್ಲಿ ನೀರಿನ ಪಯಣ ಮೇಲ್ಮುಖ ಮಾತ್ರ. ನೀರು ಆವಿಯಾಗುತ್ತದೆ, ಅದರಲ್ಲಿದ್ದ ಲವಣ ಮೇಲ್ಮೈಯಲ್ಲಿ ಉಳಿಯುತ್ತದೆ. ಗಡಸು ನೀರು ಬಳಸುವವರಿಗೆ ಒಂದು ಬೆಳೆಯೊಳಗೇ ಬಿಳಿ ಅಥವಾ ಹಳದಿ ಹೆಪ್ಪು ಕಾಣಿಸುತ್ತದೆ. ಹೆಪ್ಪಷ್ಟೇ ಇದ್ದು ಗಿಡ ಚೆನ್ನಾಗಿದ್ದರೆ ಮೇಲಿನ 2 ಸೆಂಟಿಮೀಟರ್ ಕೆರೆದು ತೆಗೆದು ಹೊಸ ಮಿಶ್ರಣ ಹಾಕಿದರೆ ಸಾಕು. ಎಲೆಯಂಚುಗಳು ಕಂದಾಗಿ ಸುರುಟಿದ್ದರೆ ಲವಣ ಬೇರಿನ ವಲಯಕ್ಕೂ ಬಂದಿದೆ, ಆಗ ಮೇಲಿನಿಂದ ಧಾರಾಳವಾಗಿ ನೀರು ಹಾಯಿಸಿ ತೊಳೆಯಬೇಕು. ಆದರೆ ತೊಳೆದ ಲವಣವೆಲ್ಲ ಇಳಿಯುವುದು ತೊಟ್ಟಿಗೆ, ಅಲ್ಲಿಂದ ಬತ್ತಿ ಅದನ್ನು ಮತ್ತೆ ಮೇಲಕ್ಕೆ ತರುತ್ತದೆ. ಹಾಗಾಗಿ ತೊಳೆಯುತ್ತಿರುವಾಗಲೇ ನಳಿಕೆಯಿಂದ ತೊಟ್ಟಿಯನ್ನು ಎರಡು ಮೂರು ಬಾರಿ ಪೂರ್ತಿ ಬರಿದು ಮಾಡದಿದ್ದರೆ ಪಟ್ಟ ಶ್ರಮ ದಂಡ. ದ್ರವ ಗೊಬ್ಬರವನ್ನು ತೊಟ್ಟಿಗೆ ಸುರಿಯುವ ಅಭ್ಯಾಸವಿದ್ದರೆ ಬಿಡುವುದು ಒಳಿತು. ಹರಳು ಗೊಬ್ಬರವನ್ನು ಕಾಂಡದಿಂದ ದೂರದಲ್ಲಿ ಮೇಲ್ಮೈಯ ಒಂದು ಪಟ್ಟಿಯಲ್ಲಿ ಇಟ್ಟರೆ ಗಿಡ ತನಗೆ ಬೇಕಾದಷ್ಟನ್ನು ಎಳೆದುಕೊಳ್ಳುತ್ತದೆ.

ಟೊಮೆಟೊ ಕಾಯಿಯ ತುದಿ ಕಪ್ಪಾಗುವುದು

ಹೂವು ಉದುರಿದ ತುದಿಯಲ್ಲಿ ಕಪ್ಪು, ಚಪ್ಪಟೆ, ಚರ್ಮದಂಥ ಕಲೆ ಮೂಡುವುದು ಯಾವ ರೋಗಾಣುವಿನಿಂದಲೂ ಅಲ್ಲ. ಕಾಯಿಗೆ ಕ್ಯಾಲ್ಸಿಯಂ ತಲುಪದೆ ಹೀಗಾಗುತ್ತದೆ. ಕ್ಯಾಲ್ಸಿಯಂ ನೀರಿನ ಹರಿವಿನೊಡನೆ ಮಾತ್ರ ಸಾಗುತ್ತದೆ, ಕಾಯಿಯಿಂದ ಆವಿಯಾಗುವ ನೀರು ಎಲೆಗಿಂತ ಬಹಳ ಕಡಿಮೆ, ಆದ್ದರಿಂದ ನೀರಿನ ಪೂರೈಕೆ ಏರುಪೇರಾದಾಗ ಮೊದಲು ಹಸಿಯುವುದು ಕಾಯಿಯೇ. ತೊಟ್ಟಿ ನಡುನಡುವೆ ಬರಿದಾಗುತ್ತಿತ್ತೇ ಎಂದು ಅಳತೆಯ ಪಟ್ಟಿಯಲ್ಲಿ ನೋಡಬೇಕು; ಮಿಶ್ರಣಕ್ಕೆ ಸುಣ್ಣದ ಅಂಶ ಸೇರಿಸಿರದಿದ್ದರೆ, ಸಾರಜನಕ ಗೊಬ್ಬರ ಹೆಚ್ಚಾಗಿದ್ದರೆ ಅವೂ ಕಾರಣ. ಕಲೆಯಾದ ಕಾಯಿ ಸರಿಹೋಗುವುದಿಲ್ಲ, ಕಿತ್ತುಹಾಕಬೇಕು. ನೀರು ಹದಕ್ಕೆ ಬಂದ ಮೇಲೆ ಕಚ್ಚುವ ಕಾಯಿಗಳಲ್ಲಿ ಗುಣ ಕಾಣುತ್ತದೆ.

ಸಣ್ಣಪುಟ್ಟವು

ಬೀಜ ಬಿತ್ತಿದರೆ ಮೊಳೆಯುತ್ತಿಲ್ಲ ಎಂಬ ದೂರಿಗೆ ಉತ್ತರ ಆಗಲೇ ಬಂದಿದೆ: ಮೇಲ್ಮೈ ಒಣಗಿರುತ್ತದೆ, ಬೀಜ ಇರುವುದೂ ಅಲ್ಲಿಯೇ. ಬೇರು ಕೆಳಗಿನ ತೇವವನ್ನು ಮುಟ್ಟುವವರೆಗೆ, ಎಂದರೆ ಎರಡು ಮೂರು ವಾರ, ಮೇಲಿನಿಂದಲೇ ಚಿಮುಕಿಸಬೇಕು. ಸಸಿ ನೆಟ್ಟಾಗಲೂ ಮೊದಲ ವಾರ ಹೀಗೆಯೇ.

ತೊಟ್ಟಿಯಲ್ಲಿ ಪಾಚಿ ಕಟ್ಟಿದರೆ ಬೆಳಕು ಒಳಬರುತ್ತಿದೆ. ಅರೆಪಾರದರ್ಶಕ ಡಬ್ಬಕ್ಕೆ ಹೊರಗಿನಿಂದ ಗಾಢ ಬಣ್ಣ ಬಳಿದು, ಬಿಸಿಲಿನ ಕಾವು ತಗ್ಗಲು ಅದರ ಮೇಲೆ ಬಿಳಿ ಬಳಿಯಬೇಕು. ಸೊಳ್ಳೆಯ ವಿಷಯದಲ್ಲಿ ಮಾತ್ರ ಸಡಿಲ ಬಿಡಬಾರದು. ಬೆಚ್ಚಗಿನ ನೀರಿನಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು, ಮುಚ್ಚಿದ ತೊಟ್ಟಿಯೊಳಗೆ ಮರಿಗಳು ಕಣ್ಣಿಗೂ ಬೀಳುವುದಿಲ್ಲ. ತುಂಬುವ ಕೊಳವೆಗೆ ಬಿಗಿಯಾದ ಮುಚ್ಚಳ, ಕೋಡಿಗೆ ಹೊರಗಿನಿಂದ 1 ಮಿಲಿಮೀಟರ್‌ಗಿಂತ ಸಣ್ಣ ಕಣ್ಣಿನ ಬಲೆ ಇರಲೇಬೇಕು. ಆ ಬಲೆಯೇ ಕಸ ಕಟ್ಟಿ ಕೋಡಿಯನ್ನು ಮುಚ್ಚಬಹುದಾದ್ದರಿಂದ ತೊಟ್ಟಿ ತುಂಬುವಾಗಲೆಲ್ಲ ಅದನ್ನೊಮ್ಮೆ ಉಜ್ಜುವುದು ರೂಢಿಯಾಗಬೇಕು.

ತಟ್ಟೆ ನಡುವೆ ಜಗ್ಗಿ ಗಾಳಿಯ ಪದರ ಇಲ್ಲವಾಗುವುದು ಅಗಲವಾದ ಡಬ್ಬಗಳಲ್ಲಿ ಆಗುತ್ತದೆ. ಒದ್ದೆ ಮಿಶ್ರಣ ಲೀಟರಿಗೆ ಒಂದು ಕಿಲೋ ಹತ್ತಿರಕ್ಕೆ ತೂಗಬಹುದು. 40 ಲೀಟರ್ ಮಿಶ್ರಣ ಹೊತ್ತ ತಟ್ಟೆಗೆ ನಾಲ್ಕು ಮೂಲೆಯ ಆಧಾರ ಸಾಲದು, ನಡುವೆಯೂ ಕೊಳವೆಯ ತುಂಡುಗಳನ್ನು ಕಂಬದಂತೆ ನಿಲ್ಲಿಸಬೇಕು. ಈ ದೋಷವನ್ನು ಹೊರಗಿನಿಂದ ಸರಿಪಡಿಸಲು ಬರುವುದಿಲ್ಲ.

ಬಿಚ್ಚಿ ಮತ್ತೆ ಕಟ್ಟುವುದಾದರೆ

ಮೇಲಿನ ಯಾವ ಉಪಾಯಕ್ಕೂ ಬಗ್ಗದೆ ಕುಂಡವನ್ನು ಬಿಚ್ಚಲೇಬೇಕಾದರೆ, ಬಿಚ್ಚುವಾಗಲೇ ಪದರ ಪದರವಾಗಿ ನೋಡುತ್ತಾ ಹೋಗಬೇಕು: ಮಿಶ್ರಣ ಎಲ್ಲಿಯವರೆಗೆ ಒದ್ದೆಯಿದೆ, ಬಟ್ಟಲಿನ ಬಾಯಿಯಲ್ಲಿ ಪೊಳ್ಳು ಇದೆಯೇ, ತಟ್ಟೆಯ ಅಡಿಯಲ್ಲಿ ನೀರಿನ ಗುರುತು ಯಾವ ಎತ್ತರದಲ್ಲಿದೆ ಎಂದು. ಒಮ್ಮೆಗೇ ಬೋರಲು ಹಾಕಿದರೆ ಈ ಸಾಕ್ಷ್ಯವೆಲ್ಲ ಕಲಸಿಹೋಗುತ್ತದೆ. ಮತ್ತೆ ಕಟ್ಟುವಾಗ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಉದುರುವಷ್ಟು ಹದಕ್ಕೆ ನೆನೆಸಿ, ಬಟ್ಟಲನ್ನು ಅದುಮಿ, ಉಳಿದದ್ದನ್ನು ಸಡಿಲವಾಗಿ ತುಂಬಿ, ಗಿಡ ನೆಡದೆಯೇ ತೊಟ್ಟಿಗೆ ಕೋಡಿ ಬೀಳುವವರೆಗೆ ನೀರು ಹಾಕಿ ಎರಡು ರಾತ್ರಿ ಬಿಡಬೇಕು. ಮೂರನೆಯ ದಿನ ಕಡ್ಡಿ ನಡುಭಾಗದವರೆಗೆ ತೇವವಾಗಿ ಬಂದು, ಕೆಳಗೆ ಹಾಸಿದ ಕಾಗದ ಒಣಗಿಯೇ ಇದ್ದರೆ ಸಸಿ ನೆಡಬಹುದು.